ವಿಭೂತಿ ಹಚ್ಚಿದ ಡಬ್ಬಿ

೧೯೯೨ರಲ್ಲಿ ಏಳನೆಯ ಇಯತ್ತೆ ಮುಗಿಸದೆ ಭಾಲ್ಕಿಯ ಶಾಲೆಯಿಂದ ಹೊರಬಿದ್ದವನು ನಾನು. ಅಂದಿನಿಂದ ನನ್ನ ಕೈಕೆಲಸದಲ್ಲಿ ತಪ್ಪು ತೆಗೆಯಲು ಯಾರಿಗೂ ಬಿಟ್ಟಿಲ್ಲ. ಆದ್ದರಿಂದ ಇದನ್ನು ನಾನೇ ಹೇಳಬೇಕು, ಸುಶೀಲಾ ವೈನಿ. ಆ ಡಬ್ಬಿಯ ತೂತು ಮುಚ್ಚಿದವನು ನಿಮ್ಮ ಯಜಮಾನ ಅಂಬಾದಾಸನಲ್ಲ. ನಾನು. ಅವನ ಕೆಲಸ ಹೋದದ್ದು ನನ್ನ ತಪ್ಪಿನಿಂದ — ತಪ್ಪಿಗಿಂತ ಹೆಚ್ಚಾಗಿ, ನನ್ನ ಒಂದು ಮಾತಿನಿಂದ.

ಬೀದರಿನ ನಮ್ಮ ವರ್ಕ್‌ಶಾಪಿನಲ್ಲಿ ಏನು ತಯಾರಾಗುತ್ತಿತ್ತೆಂದು ನಿಮಗೆ ಅವನು ಹೇಳಿರಬಹುದು. ಗ್ಯಾಸ್ ಟರ್ಬೈನಿನೊಳಗೆ ಬೆಂಕಿ ಉರಿಯುವ ಜಾಗದ ತಗಡಿನ ಕವಚ. ನಾವದನ್ನು ಡಬ್ಬಿ ಎನ್ನುತ್ತಿದ್ದೆವು. ಆ ಬೆಂಕಿ ತಗಡನ್ನೇ ಕರಗಿಸುವಂಥದ್ದು. ಕಾಯುವುದು ಗಾಳಿ. ಡಬ್ಬಿಯ ಮೈತುಂಬ ಸಣ್ಣ ಓರೆ ತೂತುಗಳಿರುತ್ತವೆ. ಅವುಗಳಿಂದ ಹೊರಗಿನ ಗಾಳಿ ನುಗ್ಗಿ, ತಗಡಿಗೆ ಅಂಟಿಕೊಂಡೇ, ಬೆಂಕಿಗೂ ತಗಡಿಗೂ ನಡುವೆ ತೆಳ್ಳಗೆ ಹರಿಯುತ್ತದೆ. ಇಷ್ಟನ್ನೂ ನನಗೆ ತಿಳಿಸಿದವನು ಅವನೇ.

“ಬ್ಯಾಸಗ್ಯಾಗ ಬಾಗಲಕ ಒದ್ದಿ ಗೋಣಿತಟ್ಟ ಕಟ್ತೇವಲ್ಲೋ ಶಿವ್ಯಾ, ಹಾಂಗ. ತಟ್ಟ ಸರೀತಂದ್ರ ಝಳ ಸೀದಾ ಮಾರಿಗೇ ಬಡೀತದ.”

ತೂತು ಕೊರೆಯುವುದು ನನ್ನ ಕೆಲಸ. ಆಮೇಲೆ ಡಬ್ಬಿಯ ಒಳಮೈಗೆ ಬಿಸಿ ತಡೆಯುವ ಬಿಳಿ ಲೇಪ ಬಳಿಯುತ್ತಾರೆ, ಅದು ಅರ್ಧ ತೂತುಗಳನ್ನು ಮುಚ್ಚಿಬಿಡುತ್ತದೆ. ಅಂಬಾದಾಸ ತನ್ನ ತಾಯಿಯ ಕೌದಿ ಹೊಲಿಯುವ ಸೂಜಿಯಿಂದ ಒಂದೊಂದನ್ನೂ ಬಿಡಿಸಿ, ಕತ್ತಲೆ ಮೂಲೆಯಲ್ಲಿ ಡಬ್ಬಿಯೊಳಗೆ ಬಲ್ಬು ಇಳಿಬಿಟ್ಟು ತಿರುಗಿಸುತ್ತಿದ್ದ. ಬೆಳಕು ಬಾರದ ತೂತು ಕಂಡರೆ “ಇಲ್ಲೊಬ್ಬ ಮಲ್ಗ್ಯಾನ ನೋಡು” ಎಂದು ಮತ್ತೆ ಸೂಜಿ ಹಾಕುವನು. ಅವನು ಹ್ಞೂಂ ಎನ್ನದೆ ಡಬ್ಬಿ ಹೊರಗೆ ಹೋಗುತ್ತಿರಲಿಲ್ಲ.

ಅವನ ಕೆಲಸ ಹೋದ ವರ್ಷದ ದಸರೆ, ಆಯುಧಗಳಿಗೆ ಮಾಡುವ ಖಂಡೆಪೂಜೆ. ಅವನು ನೋಡಿ ಮುಗಿಸಿದ ಡಬ್ಬಿಯೊಂದು ಪ್ಯಾಕಿಂಗಿಗೆ ಕಾದಿತ್ತು. ಡ್ರಿಲ್ಲು, ಸುತ್ತಿಗೆ, ಪಾನಾ — ಎಲ್ಲಕ್ಕೂ ವಿಭೂತಿ ಹಚ್ಚುತ್ತ ಬಂದ ನಾನು ಆ ಡಬ್ಬಿಯ ಮುಂದೆ ನಿಂತೆ. ಅಷ್ಟು ಚೆಂದದ ಕೆಲಸ ಅದುವರೆಗೆ ನನ್ನ ಕೈಯಿಂದ ಆಗಿರಲಿಲ್ಲ. ವಿಭೂತಿಯನ್ನು ನೀರಲ್ಲಿ ದಪ್ಪಗೆ ಕಲಸಿದೆ.

“ಅದಕ್ಕ ಬ್ಯಾಡೋ,” ಎಂದ ಅಂಬಾದಾಸ. “ತೂತಿನ್ಯಾಗ ಹೋಗಿ ಕೂಡ್ತದ. ಕುಂಕುಮ ಬೇಕಾದ್ರ ಪೆಟಿಗಿಗಿ ಹಚ್ಚು.”

ಎಲ್ಲರೂ ನೋಡುತ್ತಿದ್ದರು. ನಾನು ನಕ್ಕು — ಆ ನಗೆ ನೆನೆದರೆ ಈಗಲೂ — ನಕ್ಕು ಹೇಳಿದೆ: “ನಿಮ್ಮಂದಿಗಿ ವಿಭೂತಿ ಅಂದ್ರ ಮೊದ್ಲೇ ಆಗಂಗಿಲ್ಲ. ನಿನಗ್ಯಾನ್ ತಿಳೀತದ?”

ಮೂರು ಬೆರಳು ಅದ್ದಿ, ಡಬ್ಬಿಯ ಹೊರಮೈಗೆ ಮೂರು ಪಟ್ಟೆ ಎಳೆದೆ. ಬುದ್ಧನ ಫೋಟೋಗೆ ಕೈಮುಗಿದು ಕೆಲಸ ಶುರುಮಾಡುವ ಅವನು ಎಲ್ಲರ ಜೊತೆ ಪೂಜೆಯ ಚುರುಮುರಿ ತಿಂದ. ಮರುದಿನ ತನ್ನೂರು ಔರಾದಿನ ಬಸ್ಸಿಗೆ ನಿಂತಿದ್ದವನಿಗೆ ಬನ್ನಿ ಎಲೆ ಕೊಟ್ಟೆ. ಅವನೂ ತಿರುಗಿ ಕೊಟ್ಟು ಅಪ್ಪಿಕೊಂಡ. ಬನ್ನಿ ಕೊಟ್ಟು ತಗೊಂಡರೆ ಮುನಿಸು ಮುಗಿದಂತೆ, ನಮ್ಮ ಕಡೆ.

ಅವನು ಊರಲ್ಲಿದ್ದಾಗ ಡಬ್ಬಿ ಕಳಿಸಬೇಕೆಂದು ಅವಸರ ಬಂತು. ಒದ್ದೆ ಬಟ್ಟೆಯಿಂದ ಒರೆಸಿದೆ, ಮೈ ಥಳಥಳ ಹೊಳೆಯಿತು. ಬಲ್ಬು ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಇಳಿಬಿಟ್ಟು ನೋಡಲಿಲ್ಲ. ನೋಡಿದರೆ ಅವನ ಮಾತು ನಿಜವಾದೀತು ಎಂದು — ಹೌದು, ಅದಕ್ಕೇ ನೋಡಲಿಲ್ಲ.

ಉರಿಸಿ ಪರೀಕ್ಷೆ ಮಾಡಿದವರು ಡಬ್ಬಿ ವಾಪಸು ಕಳಿಸಿದರು. ಒಳಗಿನ ಲೇಪ ಸುಟ್ಟು ಕಪ್ಪಾಗಿತ್ತು, ಒಂದು ಕಡೆ ತಗಡೇ ಕರಗಿ ಬಾಯಿ ಬಿಟ್ಟಿತ್ತು. ಸುಟ್ಟದ್ದು ಸಾಲಾಗಿ, ಮೂರು ಪಟ್ಟೆ. ಆ ಸಾಲಿನ ತೂತುಗಳಲ್ಲಿ ಬಿಳಿಯದೇನೋ ಗಟ್ಟಿಯಾಗಿ ಕೂತಿತ್ತು. ಅಂಬಾದಾಸ ಲೇಪವನ್ನೇ ಬಿಡಿಸಿಲ್ಲ ಎಂದುಕೊಂಡರು ವರ್ಕ್‌ಶಾಪಿನ ಮಾಲೀಕ ಸೇಠರು. ಎಲ್ಲರೆದುರು ನನ್ನನ್ನು ಕೇಳಿದರು: “ಶಿವರಾಜ, ಪ್ಯಾಕ್ ಮಾಡಿದಾಂವ ನೀನು. ತೂತೆಲ್ಲ ತೆರದಿದ್ವೇನೋ?”

ನಾನು ಹೇಳಿದೆ: “ನನಗ್ಯಾನ್ ಗೊತ್ರಿ. ತೂತು ನೋಡಾದು ಅಂಬಾದಾಸನ ಕೆಲಸ.”

ಇಷ್ಟೇ, ವೈನಿ. ಈ ಮಾತು.

ಊರಿಂದ ಮರಳಿದ್ದ ಅವನು ಅಲ್ಲೇ ಇದ್ದ; ಬಾಗಿ ಆ ಮೂರು ಪಟ್ಟೆಯ ಮೇಲೆ ಮೂರು ಬೆರಳಿಟ್ಟ. ನನ್ನ ಕೈ ನೋಡಿದ. ಆಮೇಲೆ ಮುಖ ನೋಡಿದ. ಗೊತ್ತಾಗಿತ್ತು ಅವನಿಗೆ. ವಿಭೂತಿಯಿಂದ ಸುಟ್ಟಿತು ಎಂದು ಅವನ ಬಾಯಿಂದ ಬಂದರೆ ಅಲ್ಲಿದ್ದವರು ಏನನ್ನುತ್ತಾರೆಂಬುದೂ ಗೊತ್ತಿತ್ತು. ನನಗೂ ಗೊತ್ತಿತ್ತು — ಅದನ್ನೇ ನಂಬಿ ಸುಮ್ಮನಿದ್ದೆ. ನಾಳೆಯಿಂದ ಬರಬೇಡ ಎಂದರು ಸೇಠರು. ಅವನು ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು ಹೊರಟುಹೋದ.

ಔರಾದಿನಲ್ಲಿ ಕಿಟಕಿ ಗ್ರಿಲ್ ವೆಲ್ಡಿಂಗ್ ಮಾಡುತ್ತಾನೆಂದು ಕೇಳಿದ್ದೆ. ಪ್ರತಿ ದಸರೆಗೂ ಹೋಗಬೇಕೆಂದು ಬನ್ನಿ ತಂದಿಡುತ್ತಿದ್ದೆ; ಒಣಗುತ್ತಿತ್ತು. ಕಳೆದ ದಸರೆಗೆ ಬಂದಾಗ ಬಾಗಿಲು ತೆರೆದವರು ನೀವು. ಅವನು ಬೇಸಗೆಯಲ್ಲೇ ತೀರಿಕೊಂಡಿದ್ದ.

“ನೀವೇ ಏನ್ರಿ ಶಿವರಾಜಣ್ಣ?” ಎಂದು ಚಹಾ ಕೊಟ್ಟಿರಿ. “ಭಾಳ ನೆನಸ್ತಿದ್ರು. ಶಿವ್ಯಾನಂಗ ತೂತು ಹೊಡ್ಯಾಂವ ಜಿಲ್ಲಾದಾಗ ಇಲ್ಲ ಅಂತಿದ್ರು.” ಒಳಗಿಂದ ಆ ಸೂಜಿ ತಂದು ನನ್ನ ಅಂಗೈಯಲ್ಲಿಟ್ಟಿರಿ. ಆಗಲೂ ನಾನು ಹೇಳಲಿಲ್ಲ. ಚಹಾ ಕುಡಿದು ಎದ್ದುಬಂದೆ.

ನಿನ್ನೆ ಸೇಠರಿಗೆ ಹೇಳಿದೆ, ಎಲ್ಲರೂ ಕೇಳುವಂತೆ. “ಹೋದಾಂವ ಹೋದ, ಈಗ್ಯಾಕ ಅದೆಲ್ಲ” ಎಂದರು. ಯಾರೂ ನನ್ನನ್ನು ಬೈಯಲಿಲ್ಲ. ಅವನು ಅಂದು ಇಷ್ಟೇ ಹೇಳಿದ್ದರೆ — ಬಿಡಿ.

ಈ ದಸರೆಗೆ ಬಂದು ಇದನ್ನು ನಿಮ್ಮೆದುರು ಓದುತ್ತೇನೆ. ಬನ್ನಿ ತರುವುದಿಲ್ಲ. ನಾನು ಕೊಟ್ಟರೆ ನೀವು ತಿರುಗಿ ಕೊಡಲೇಬೇಕಾಗುತ್ತದೆ.

ಈಗ ನನ್ನಲ್ಲಿರುವುದು ಇಷ್ಟು. ನೌಬಾದದಲ್ಲಿ ಎರಡು ಕೋಣೆಯ ಮನೆ. ಒಂದು ಹಳೆಯ ಡ್ರಿಲ್ಲು. ಅವನು ಹೊಗಳಿದ ಎರಡು ಕೈ. ಒಂದು ಸೂಜಿ.