ಶಿವಪ್ಪ ಕಂಡ ಕಲ್ಲುಗುಡಿಸಲು

ಸೇಡಂನ ಮದುವೆಯೊಂದರಲ್ಲಿ ನಮ್ಮ ತಲೆಯ ಮೇಲೆ ಗುಂಯ್‌ಗುಟ್ಟುತ್ತಿದ್ದ ಡ್ರೋನ್ ತೆಗೆದ ವಿಡಿಯೊವನ್ನು ನಿನ್ನೆ ನೋಡಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಪಾದಿಸಿದ ನನ್ನ ಗಾಂಭೀರ್ಯವೆಲ್ಲ ಊಟದ ಪಂಕ್ತಿಯ ನಡುವೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ತುಂಡಿನಂತೆ, ಅಂದರೆ ಬರೀ ಬೋಳುತಲೆಯಾಗಿ, ಥಳಥಳಿಸುತ್ತಿತ್ತು. ಮೇಲಿನಿಂದ ನೋಡುವವರಿಗೆ ನೆತ್ತಿ ಸಿಗುತ್ತದೆ, ಮುಖ ಸಿಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅದೇ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ವರನ ಸೋದರಮಾವ, "ಇನ್ನ ಫೌಜಿನಾಗೂ ಮನಷ್ಯಾರ ಕೆಲಸ ಏನ್ ಉಳೀತ್ರಿ ಸರ್? ಎಲ್ಲಾ ಇದೇ ನೋಡ್ತದ" ಎಂದಿದ್ದರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡಿದ್ದೆ.

ಆ ಮಾತಿಗೆ ನೆನಪಾದವರು ನನ್ನ ಇಬ್ಬರು ವಿದ್ಯಾರ್ಥಿಗಳು: ಕುರಕುಂಟಾದ ಶಿವಪ್ಪ, ದಂಡೋತಿಯ ಮಹಬೂಬ. ತ್ರಿಕೋನಮಿತಿ ಎಂದರೆ ತ್ರಿಲೋಕವೂ ಕತ್ತಲಾಗುತ್ತಿದ್ದ ಈ ಜೋಡಿ ಒಂದೇ ಬೆಂಚಿನಿಂದ ಎದ್ದು ಒಂದೇ ಭರ್ತಿಯಲ್ಲಿ ಸೈನ್ಯ ಸೇರಿತ್ತು. ಶತ್ರು ಎಲ್ಲಿದ್ದಾನೆಂದು ಎಲ್ಲರಿಗಿಂತ ಮುಂದೆ ಹೋಗಿ ನೋಡಿಬರುವ ತುಕಡಿ ಅವರದು, ಕೆಲಸ ಉತ್ತರದ ಗಡಿಬೆಟ್ಟದಲ್ಲಿ.

ನಾಲ್ಕು ವರ್ಷದ ಹಿಂದೆ ಮಹಬೂಬ ಊರುಗೋಲು ಹಿಡಿದು ನನ್ನ ಮನೆಗೆ ಬಂದ. ಶಿವಪ್ಪನ ಶವಪೆಟ್ಟಿಗೆ ಊರಿಗೆ ಬಂದು ಎರಡು ತಿಂಗಳಾಗಿತ್ತು. ಇವನು ಅಷ್ಟೂ ದಿನ ಆಸ್ಪತ್ರೆಯಲ್ಲಿದ್ದ.

"ಶಿವ್ಯಾನ ಅವ್ವಗ ಭೆಟ್ಟಿ ಆಗಬೇಕ್ರಿ ಸರ್. ಒಬ್ಬನೇ ಹೋಗಾಕ ಧೈರ್ಯ ಸಾಲವಲ್ದು. ನೀವು ಬರ್ರಿ."

ಹೋದೆವು. ಅಂಗಳದಲ್ಲಿ ಶಿವಪ್ಪನ ತಾಯಿ ಬಸಮ್ಮ ಮೊರದಲ್ಲಿ ತೊಗರಿ ಕೇರುತ್ತಿದ್ದಳು. "ಕುಂದ್ರಪಾ" ಎಂದಳು. ಮಹಬೂಬ ನೆಲ ನೋಡುತ್ತ ಹೇಳತೊಡಗಿದ. ಬೆಟ್ಟದ ಕಲ್ಲುಗುಡಿಸಲೊಂದರಲ್ಲಿ ಡ್ರೋನಿನ ಕ್ಯಾಮೆರಾ ಐದು ಜನರ ಮೈಬಿಸಿಯ ಗುರುತು ತೋರಿಸಿತ್ತು. ಹಿಂದಿನ ದಿನ ಶತ್ರುಗಳು ನುಸುಳಿದ್ದ ದಾರಿ ಅದೇ, ಗುಡಿಸಲಿಗೆ ಗುರಿಯಿಟ್ಟು ತೋಪುಗಳು ಸಿದ್ಧವಾಗಿದ್ದವು. ಆದರೂ ಸಾಹೇಬರು, ಒಮ್ಮೆ ಹತ್ತಿರ ಹೋಗಿ ನೋಡಿಬನ್ನಿ ಎಂದು ಇಬ್ಬರನ್ನೂ ಕಳಿಸಿದರು. ಮಂಜಿನಲ್ಲಿ ಅರ್ಧ ದಿನ ತೆವಳಿದರಂತೆ.

"ಹತ್ರ ಹೋದ ಮ್ಯಾಲ ಹಾಲು ಕಾಸೋ ವಾಸ್ನಿ ಬಂತವ್ವಾ. ಕೂಸು ಅಳಾಕತ್ತಿತ್ತು. ಶಿವ್ಯಾನೇ ವೈರ್‌ಲೆಸ್ಸಿನಾಗ ಹೇಳ್ದ, ಕುರಿ ಕಾಯೋ ಮಂದಿ ಅದಾರ, ಹೊಡೀಬ್ಯಾಡ್ರಿ ಅಂತ."

ಮರಳುವ ದಾರಿಯಲ್ಲಿ ನೆಲದಲ್ಲಿ ಹೂತಿಟ್ಟ ಬಾಂಬಿತ್ತು.

"ಮುಂದ ನಡಿಯೋ ಪಾಳಿ ನಂದಿತ್ತವ್ವಾ. ನಾ ಭಾಳ ದಣದಿದ್ದೆ. ಅವ ಮುಂದಾದ."

ಇದನ್ನು ಹೇಳಲೆಂದೇ ಅವನು ಬಂದಿದ್ದನೆಂದು ಆಗ ನನಗೆ ತಿಳಿಯಿತು. ಬಸಮ್ಮನ ಕೈ ಮೊರದ ಮೇಲೆಯೇ ನಿಂತಿತು.

"ಕೂಸು ಎಷ್ಟು ದೊಡ್ಡದಿತ್ತಪಾ?"

ಮಹಬೂಬ ಎರಡೂ ಅಂಗೈ ಹಿಡಿದು ಅಳತೆ ತೋರಿಸಿದ. ಆ ಅಂಗೈಗಳ ನಡುವಿನ ಬರಿ ಜಾಗವನ್ನು ಆಕೆ ಬಹಳ ಹೊತ್ತು ನೋಡಿದಳು.

"ನಮ್ಮಂವ ನೋಡ್ಯಾನಿಲ್ಲೋ ಅದನ್ನ?"

"ನೋಡ್ಯಾನವ್ವಾ. ನೋಡಿ ನಕ್ಕಿದ್ದ."

ಆಗ ಆಕೆ ಅತ್ತಳು.

ಓದುಗರೇ, ಡ್ರೋನು ಸುಳ್ಳಾಡಿರಲಿಲ್ಲ. ಗುಡಿಸಲಿನಲ್ಲಿ ಐದು ಜನ ಇದ್ದೇ ಇದ್ದರು. ಅವರು ಯಾರೆಂದು ತಿಳಿಯಲು ಮಾತ್ರ ಹಾಲಿನ ವಾಸನೆ ಬಲ್ಲ ಒಂದು ಮೂಗು, ಕೂಸಿನ ಅಳು ಬಲ್ಲ ಒಂದು ಕಿವಿ ಅಲ್ಲಿಯತನಕ ಹೋಗಬೇಕಾಯಿತು. ಹಾಗೆ ಹೋದವನು ತಿರುಗಿ ಬರಲಿಲ್ಲ ಎಂಬುದನ್ನು ಮರೆತು ಈ ಜ್ಞಾನದ ಬಗ್ಗೆ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ.

ಪಾಳಿಯ ಮಾತಿಗೆ ಬಸಮ್ಮ ಅಂದು ಉತ್ತರಿಸಲಿಲ್ಲ, ಇಂದಿಗೂ ಉತ್ತರಿಸಿಲ್ಲ. ಮಹಬೂಬ ತಿಂಗಳಿಗೊಮ್ಮೆ ಬಸ್ಸು ಹಿಡಿದು ಕುರಕುಂಟಾಕ್ಕೆ ಹೋಗುತ್ತಾನೆ. ಆಕೆ ರೊಟ್ಟಿ ಬಡಿಸುತ್ತಾಳೆ, ಅವನು ಉಣ್ಣುವಾಗ ಎದುರು ಕೂತು, "ಆ ಕೂಸು ಈಗ ಓಡಾಡ್ತಿರಬೇಕಲ್ಲಪಾ?" ಎಂದು ಕೇಳುತ್ತಾಳೆ.