ಕೈ ಮುಟ್ಟದ ಹಿಟ್ಟು

ಘಾಟ್ಕೋಪರ್ ಸ್ಟೇಶನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ದೋಸೆ ಹಿಟ್ಟು ಕಲಸಿದ ಅನಂತಣ್ಣನ ನಿಜವಾದ ಹೆಸರು ಅಂಗಾರ. ಇದು ಮುಂಬಯಿಯಲ್ಲಿ ಗೊತ್ತಿದ್ದದ್ದು ಮೂವರಿಗೆ ಮಾತ್ರ. ಅವನಿಗೆ, ಹೋಟೆಲಿನ ದೊಡ್ಡ ಧಣಿಗಳಿಗೆ, ಗುಡ್ಡದ ಚಾಳಿನಲ್ಲಿದ್ದ ತಂಗಿ ಸೇವಂತಿಗೆ. ನಮ್ಮ ಊರಿನ ಕಡೆ ಅಂಗಾರ ಎಂದ ಮೇಲೆ ಊರ ಹೊರಗಿನ ಕೇರಿಯವನು ಎಂದು ಬೇರೆ ಹೇಳಬೇಕಾಗಿಲ್ಲ ಮಾರಾಯ್ರೇ.

ಬಂದದ್ದು ತಟ್ಟೆ ತೊಳೆಯಲಿಕ್ಕೆ. ತಟ್ಟೆ ತೊಳೆಯುವವನ ಹೆಸರನ್ನು ಧಣಿಗಳ ಹೊರತು ಯಾರೂ ಕೇಳಿರಲಿಲ್ಲ. ಹಿಟ್ಟಿನ ಮಾಸ್ತರ ಜ್ವರ ಬಂದು ಮಲಗಿದ ದಿನ ಬೇರೆ ಗತಿಯಿಲ್ಲದೆ ಇವನೇ ಪಾತ್ರೆಗೆ ಕೈ ಹಾಕಿದ. ಮರುದಿನ ಹಿಟ್ಟು ಉಬ್ಬಿ ಮುಚ್ಚಳ ಎತ್ತಿತ್ತು. ಒಂದು ದೋಸೆ ತಿಂದು ಏಳುವ ಗಿರಾಕಿಗಳು ಎರಡನೆಯದನ್ನು ಕೇಳಿದರು. ಸಂಜೆ ಧಣಿಗಳು ಅವನನ್ನು ಒಳಗೆ ಕರೆದು, ಇವತ್ತಿನಿಂದ ನೀನು ಅನಂತ, ಬಾಯಿ ಬಿಟ್ಟರೆ ನಾನೂ ಹೋದೆ ನೀನೂ ಹೋದೆ ಎಂದರು. ಹಾಜರಿ ಪುಸ್ತಕದಲ್ಲಿ ಅನಂತ ಎಂದೇ ಬರೆದರು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗಲಿಕ್ಕೆ ಜಾಗ ಕೊಟ್ಟರು. ಆರಡಿ ಉದ್ದ, ಮೂರಡಿ ಅಗಲ, ನೆಟ್ಟಗೆ ಕೂತರೆ ತಲೆ ತಾಗುತ್ತಿತ್ತು. ಅಂಗಾರನಿಗೆ ಅದು ಅರಮನೆ. ಮದುವೆಯಾಗಲಿಲ್ಲ, ಊರಿನಲ್ಲಿ ಒಂದು ಗೇಣು ಜಾಗವಿಲ್ಲ, ತಂಗಿಯ ಹತ್ತಡಿ ಕೋಣೆಯಲ್ಲಿ ಆಗಲೇ ಐದು ಜನ. ಆ ಅಟ್ಟ ಹೋದರೆ ಅವನಿಗೆ ಫುಟ್‌ಪಾತೇ ಗತಿ.

ದೊಡ್ಡ ಧಣಿಗಳು ತೀರಿಕೊಂಡರು. ಮಗ ಹಿತೇಶ್ ಹಣದ ಗಲ್ಲೆಗೆ ಕೂತ. ಕೂತದ್ದು ಎಲ್ಲಿಂದ, ನಿಂತೇ ಇರುತ್ತಿದ್ದ, ಕಿವಿಗೆ ಫೋನು ಹಚ್ಚಿಕೊಂಡು. ಈ ಊರಿನಲ್ಲಿ ಈಗ ಬೆಳೆಯುವುದು ಎರಡೇ, ಬಿಲ್ಡಿಂಗು ಮತ್ತು ಪ್ಯಾಕೆಟ್ಟು. ಹಿತೇಶ್ ಎರಡಕ್ಕೂ ಕೈ ಚಾಚಿದ. ಹೋಟೆಲಿನ ಜಾಗವನ್ನು ಟವರ್ ಕಟ್ಟುವವರಿಗೆ ಕೊಟ್ಟ, ಗೋರೆಗಾಂವಿನಲ್ಲಿ ಹಿಟ್ಟಿನ ಫ್ಯಾಕ್ಟರಿ ತೆಗೆದ. ದೋಸೆ ಮಾರುವವನಿಗೆ ಒಂದು ಗಲ್ಲಿ, ಹಿಟ್ಟು ಮಾರುವವನಿಗೆ ಇಡೀ ಮುಂಬಯಿ ಎನ್ನುತ್ತಿದ್ದ. ಸುಳ್ಳೂ ಅಲ್ಲ. ಪವಾಯಿಯ ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಕುಟ್ಟುವಾಗ ಉದ್ದು ರುಬ್ಬುವವರು ಯಾರು?

ಆದರೆ ಫ್ಯಾಕ್ಟರಿಯ ಹಿಟ್ಟು ಉಬ್ಬಲಿಲ್ಲ. ಅದೇ ಅಕ್ಕಿ, ಅದೇ ಉದ್ದು, ಅದೇ ಅಳತೆ. ಸ್ಟೀಲಿನ ದೊಡ್ಡ ದೊಡ್ಡ ಡ್ರಮ್ಮು, ಕೈಗೆ ಗವಸು, ತಲೆಗೆ ಟೊಪ್ಪಿ. ನಾಲ್ಕು ದಿನದ ಹಿಟ್ಟು ಗಟಾರಕ್ಕೆ ಹೋಯಿತು. ಐದನೇ ದಿನ ಅಂಗಾರನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಅವನು ಡ್ರಮ್ಮಿನ ಎದುರು ನಿಂತು, ಗವಸು ಕಳಚಿ, ಮೊಣಕೈವರೆಗೆ ಕೈ ಮುಳುಗಿಸಿ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ ನಿಧಾನವಾಗಿ ಕಲಸಿದ. ಬೆಳಗಾಗುವಾಗ ಹಿಟ್ಟು ಡ್ರಮ್ಮಿನ ಬಾಯಿಗೆ ಬಂದಿತ್ತು.

ಹಿತೇಶ್ ದಡ್ಡನಲ್ಲ. ವಾರದೊಳಗೆ ಲ್ಯಾಬಿನ ಹುಡುಗಿಯೊಬ್ಬಳು ಬಂದು ಹತ್ತಿ ಸುತ್ತಿದ ಕಡ್ಡಿಯಿಂದ ಅಂಗಾರನ ಅಂಗೈ, ಬೆರಳ ಸಂದು, ಉಗುರಿನ ಅಡಿ ಎಲ್ಲ ಒರೆಸಿ ಒಂದೊಂದನ್ನೂ ಬಾಟ್ಲಿಗೆ ಹಾಕಿಕೊಂಡಳು. ಹುಳಿ ಬರಿಸುವ ಜೀವ ಕೈಯಲ್ಲೇ ಇದೆ, ಅದನ್ನು ಬೆಳೆಸುತ್ತೇವೆ ಎಂದಳು. ಅಂಗಾರನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಅವನ ಅಂಗೈಯನ್ನು ಇಷ್ಟು ಮರ್ಯಾದೆಯಿಂದ ಹಿಡಿದವರು ಯಾರೂ ಇರಲಿಲ್ಲ.

ಆಗ ಹಿತೇಶ್ ಕೇಳಿದ, "ಅನಂತಣ್ಣ, ನಿಮಗೆ ಕ್ಯಾ ಚಾಹಿಯೇ? ಬೋಲೋ."

ಫ್ಯಾಕ್ಟರಿಯಲ್ಲಿ ಒಂದು ಕೆಲಸ, ಸಾಯುವವರೆಗೆ ಮಲಗಲಿಕ್ಕೆ ಒಂದು ಮೂಲೆ. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಉಪ್ಪು ತಿಂದ ಮನೆಯಲ್ಲಿ ಬಾಯಿಬಿಟ್ಟು ಕೇಳುವುದುಂಟೇ? ಹಳೆಯ ಹೋಟೆಲು ಕೆಲಸದವರು ಯಾರೂ ಕೇಳಿದವರಲ್ಲ. "ನಿಮಗೆ ಕಂಡ ಹಾಗೆ ಮಾಡಿ ಧಣಿ" ಎಂದ. ದೊಡ್ಡ ಧಣಿಗಳ ಎದುರು ಈ ಮಾತು ಹೇಳಿದರೆ ಕಡಿಮೆ ಕೊಡಲಿಕ್ಕೆ ಅವರಿಗೇ ನಾಚಿಕೆಯಾಗುತ್ತಿತ್ತು, ಕೇಳುವುದಕ್ಕಿಂತ ಹೆಚ್ಚೇ ಕೊಡುತ್ತಿದ್ದರು. ಈ ಹಿತೇಶ್ ಕಾನ್ವೆಂಟಿನಲ್ಲಿ ಓದಿದವನು. ಏನೂ ಬೇಡವಂತೆ ಎಂದುಕೊಂಡು ಥ್ಯಾಂಕ್ಯೂ ಹೇಳಿ ಹೋದ. ಅಯ್ಯೋ ಮಂಕೇ, ಬಾಯಿ ಇದ್ದೂ ಮೂಗನಾದೆಯಲ್ಲ ಎಂದು ಬೈಯಬೇಕೆನಿಸುತ್ತದೆ ನನಗೆ.

ತಿಂಗಳೊಳಗೆ ಬಾಟ್ಲಿಯ ನಾಲ್ಕು ಹನಿಗೆ ಡ್ರಮ್ಮು ಡ್ರಮ್ಮು ಹಿಟ್ಟು ಉಬ್ಬತೊಡಗಿತು. ಹೋಟೆಲಿನ ಶಟರ್ ಎಳೆದರು. ಕೂಲಿಗಳು ಅಟ್ಟದ ಹಲಗೆ ಕೀಳುವಾಗ ಅಂಗಾರ ಕೆಳಗೆ ಟ್ರಂಕು ಹಿಡಿದು ನಿಂತಿದ್ದ. ಧಣಿ ಕರೆಸುತ್ತಾರೆ ಎಂದು ಎರಡು ದಿನ ಸ್ಟೇಶನ್ನಿನಲ್ಲಿ ಕಾದ. ಮೂರನೆಯ ದಿನ ತಾನೇ ಗೋರೆಗಾಂವಿಗೆ ಹೋದ.

ಗೇಟಿನಲ್ಲಿ ವಾಚ್‌ಮನ್ ಆಧಾರ್ ಕಾರ್ಡ್ ಕೇಳಿದ. ಹಳೆಯ ಹೋಟೆಲಿನವರ ಪಟ್ಟಿಯಲ್ಲಿ ಅನಂತ ಎಂದಿತ್ತು, ಕಾರ್ಡಿನಲ್ಲಿ ಅಂಗಾರ ಎಂದಿತ್ತು. ಗಲಾಟೆ ಕೇಳಿ ಹಿತೇಶ್ ಇಳಿದು ಬಂದು ಕಾರ್ಡು ತೆಗೆದುಕೊಂಡು ಓದಿದ. ಇನ್ನೊಮ್ಮೆ ಓದಿದ. ಊರಿನ ಹೆಸರುಗಳ ಅರ್ಥ ತಿಳಿಯುವಷ್ಟು ಕನ್ನಡ ಅವನಿಗೂ ಬರುತ್ತಿತ್ತು.

"ಇಷ್ಟು ವರ್ಷ ನೀವು ನಮ್ಮ ಪಪ್ಪನಿಗೆ ಮೋಸ ಮಾಡಿದ್ರಾ?"

ಹೆಸರಿಟ್ಟವರೇ ನಿಮ್ಮ ಅಪ್ಪ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಬಾಯಿ ಬಿಟ್ಟರೆ ನಾನೂ ಹೋದೆ ಎಂದಿದ್ದರು ಧಣಿಗಳು. ಸತ್ತವರ ಮರ್ಯಾದೆ ಅವರ ಮಗನ ಎದುರೇ ಹರಾಜು ಹಾಕುವುದು ಹೇಗೆ?

"ಹೌದು ಧಣಿ, ತಪ್ಪಾಯಿತು" ಎಂದ.

ಹಿತೇಶ್ ಕಾರ್ಡನ್ನು ಅವನ ಕೈಗೆ ಕೊಡದೆ ವಾಚ್‌ಮನ್‌ನ ಮೇಜಿನ ಮೇಲೆ ಇಟ್ಟ. ಪೊಲೀಸರಿಗೆ ಹೇಳುವುದಿಲ್ಲ, ಅದೇ ದೊಡ್ಡದು, ಇನ್ನು ಈ ಕಡೆ ಬರಬೇಡ ಎಂದ. ಅಲ್ಲಿಯವರೆಗೆ ನೀವು, ಅಲ್ಲಿಂದ ನೀನು. ಗೋಡೆಯ ಸ್ಯಾನಿಟೈಜರ್ ಒತ್ತಿ ಎರಡೂ ಕೈ ಉಜ್ಜಿಕೊಂಡು ಮೇಲೆ ಹೋದ. ಬಾಟ್ಲಿಗಳನ್ನು ಬಿಸಾಡಿದನೋ? ಎಲ್ಲಿಯ ಮಾತು. ಆ ದಿನವೂ ಎಂಟು ಟೆಂಪೋ ಹೊರಟವು.

ಅಂಗಾರ ಈಗ ತಂಗಿಯ ಬಾಗಿಲ ಹೊರಗೆ, ನಲ್ಲಿಯ ಪಕ್ಕ, ಗೋಣಿ ಹಾಸಿ ಮಲಗುತ್ತಾನೆ. ಮಳೆ ಬಂದರೆ ಕೂರುತ್ತಾನೆ. ಒಂದು ಭಾನುವಾರ ಸೇವಂತಿ ಪವಾಯಿಯ ಕೆಲಸದ ಮನೆಯಿಂದ ಅರ್ಧ ಉಳಿದ ಹಿಟ್ಟಿನ ಪ್ಯಾಕೆಟ್ ತಂದಳು. ತಾರೀಕು ಮುಗಿದದ್ದೆಂದು ಆ ಮನೆಯ ಅಮ್ಮ ಕೊಟ್ಟದ್ದು. ಮಕ್ಕಳಿಗೆಲ್ಲ ದೋಸೆ ಹೊಯ್ದು ಕೊಟ್ಟು ಕೊನೆಯದೊಂದನ್ನು ಅಣ್ಣನ ಎದುರು ಇಟ್ಟಳು. ಮೊದಲ ತುತ್ತಿಗೇ ಅಂಗಾರನಿಗೆ ಗೊತ್ತಾಯಿತು. ತಾಯಿಗೆ ಮಗುವಿನ ನೆತ್ತಿಯ ವಾಸನೆ ಗೊತ್ತಾಗುವುದಿಲ್ಲವೇ, ಹಾಗೆ.

"ಇದರ ಮೇಲೆ ಬರೆದದ್ದುಂಟಂತೆ ಅಣ್ಣ, ಶುದ್ಧ ಮಡಿ, ಯಾರ ಕೈಯೂ ಮುಟ್ಟದ್ದು ಅಂತ" ಎಂದಳು ಸೇವಂತಿ. "ನಾನು ತೊಳೆದ ತಟ್ಟೆಗೆ ಆ ಅಮ್ಮ ಇನ್ನೊಮ್ಮೆ ನೀರು ಹಾಕ್ತಾರೆ. ಅಷ್ಟಮಿಗೆ ದೇವರಿಗೆ ಇಟ್ಟದ್ದು ಇದರದ್ದೇ ದೋಸೆ."

ಅಂಗಾರ ತುತ್ತು ನುಂಗಿದ. ಅಂಗೈಯನ್ನೊಮ್ಮೆ ನೋಡಿಕೊಂಡ. ಇನ್ನೊಂದು ಹಾಕುತ್ತೀಯಾ ಎಂದು ಕೇಳಿದ. ಅರವತ್ತು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಸೇವಂತಿ ಪ್ಯಾಕೆಟ್ಟನ್ನು ಕಾವಲಿಯ ಮೇಲೆ ಹಿಂಡಿದಳು. ಏನೂ ಬೀಳಲಿಲ್ಲ.