ಗೇಟಿನ ಬೀಗ ತೆಗೆಸಿದ ಮೇಲೆ

ವಡೋದರಾದ ಫತೇಗಂಜಿನಲ್ಲಿ, ಹಾಸ್ಟೆಲುಗಳ ಹಿಂದಿನ ಓಣಿಯೊಂದರಲ್ಲಿ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಹೆಂಗಸರ ವಸತಿಗೃಹ ನನ್ನ ಉಸ್ತುವಾರಿಯಲ್ಲಿತ್ತು. ಅಲ್ಲಿ ನಾನು ಮಾಡಿದ ಮೊದಲ ಬದಲಾವಣೆ, ಹಗಲು ಹೊತ್ತು ಗೇಟಿಗೆ ಬೀಗ ಹಾಕುವುದನ್ನು ನಿಲ್ಲಿಸಿದ್ದು. ವೈದ್ಯರು ಒಪ್ಪಿದ್ದರು. ಆರೈಕೆಯ ಕೆಲಸದವರು ಒಪ್ಪಿರಲಿಲ್ಲ. "ಏನಾದರೂ ಆದರೆ ಹೊಣೆ ನಿಮ್ಮದೇ, ಮೇಡಂ," ಎಂದು ಅವರಲ್ಲಿ ಹಿರಿಯಳಾದವಳು ಮುಖಕ್ಕೇ ಹೇಳಿದ್ದಳು.

ಆ ಮನೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ನಾನು, ಮತ್ತು ನನಗಿಂತ ಬಹಳ ಹಿರಿಯರಾದ ಧಾರವಾಡದ ಒಬ್ಬ ಹೆಂಗಸು. ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಅವರ ತಮ್ಮ ತಂದು ಬಿಟ್ಟಿದ್ದ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ. ಔಷಧ ಒಗ್ಗಿತ್ತು, ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಅಡಗಿ ಬಹಳ ಕಾಲವಾಗಿತ್ತು. ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತರು.

"ಮೂಲಿ ಅಂಗಡ್ಯಾಗ ಸೇವ್ ಉಸಳ್ ತಿಂದು ಬರ್ತೇನವಾ. ನಾ ಒಬ್ಬಾಕಿನ. ಜೋಡಿ ಯಾರೂ ಬ್ಯಾಡ."

"ಹೋಗಿ ಬರ್ರಿ, ಅಕ್ಕಾ."

ಊಟದ ಹೊತ್ತಾದರೂ ಅವರು ಬರಲಿಲ್ಲ. ಆರೈಕೆಯವರು ಬಾಗಿಲಲ್ಲಿ ಗುಂಪಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಚಪ್ಪಲಿ ಮೆಟ್ಟಿ ಹೊರಟೆ. ಖಾರದ ಬಟಾಣಿ ಸಾರಿನ ಮೇಲೆ ಸೇವ್ ಉದುರಿಸಿ ಕೊಡುವ ಆ ಉಸಳ್ ಅಂಗಡಿಯಲ್ಲಿ ಅವರಿರಲಿಲ್ಲ. ಅದರ ಪಕ್ಕದ ಓಣಿಯಿಂದ ಗದ್ದಲ ಕೇಳಿತು.

ಜನ ಮುತ್ತಿಕೊಂಡಿದ್ದರು. ನಡುವೆ ಅಕ್ಕ, ಗೋಡೆಗೆ ಒತ್ತಿಕೊಂಡು. ಕುಪ್ಪಸದ ತೋಳು ಹರಿದಿತ್ತು. ಒಬ್ಬ ಅವರ ಮಣಿಕಟ್ಟು ಹಿಡಿದು ತಿರುಚುತ್ತಿದ್ದ. ಇನ್ನೊಬ್ಬ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. "ಮಕ್ಕಳ ಕಳ್ಳಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಪುಟ್ಟ ಹುಡುಗಿಯೊಂದು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಅಳುತ್ತಿತ್ತು.

ನಾನು ನುಗ್ಗಿ ಅಕ್ಕನ ಪಕ್ಕ ನಿಂತೆ. ಬಾಯಿಗೆ ಬಂದ ಮೊದಲ ಮಾತು, "ಇವರಿಗೆ ತಲೆ ಸರಿಯಿಲ್ಲ, ಬಿಟ್ಟುಬಿಡಿ." ಅಷ್ಟು ಹೇಳಿದ್ದರೆ ಬಹುಶಃ ಬಿಡುತ್ತಿದ್ದರು. ಆದರೆ ಅಕ್ಕನಿಗೆ ಮತ್ತೆಂದೂ ಆ ಓಣಿಯಲ್ಲಿ ಕಾಲಿಡಲಾಗುತ್ತಿರಲಿಲ್ಲ. ಮಾತನ್ನು ನುಂಗಿಕೊಂಡೆ. ಹೊಡೆತ ಬಿದ್ದರೆ ಆ ನುಂಗಿದ ಮಾತಿಗೆ ನಾನೇ ಉತ್ತರ ಹೇಳಬೇಕೆಂಬುದೂ ಗೊತ್ತಿತ್ತು.

"ಇವರು ನಮ್ಮ ಮನೆಯವರು," ಎಂದು ಗುಜರಾತಿಯಲ್ಲಿ ಅಜ್ಜಿಗೆ ಹೇಳಿದೆ. "ಅಮ್ಮಾ, ಇವರು ನಿಮ್ಮ ವಯಸ್ಸಿನವರೇ. ಕೈ ಬಿಡಿಸಿ. ಏನಾಯಿತೆಂದು ಅವರನ್ನೇ ಕೇಳಿ."

"ಇವಳನ್ನೇನು ಕೇಳೋದು? ಪೊಲೀಸರನ್ನು ಕರೀರಿ!" ಎಂದ ಮಣಿಕಟ್ಟು ಹಿಡಿದವನು.

"ಕರೀರಿ. ನಾನೂ ಇಲ್ಲೇ ಇರುತ್ತೇನೆ. ಆದರೆ ಮೊದಲು ಕೈ ಬಿಡಿ."

ಅಜ್ಜಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅವನ ಕೈಮೇಲೆ ಒಂದು ಏಟು ಹಾಕಿದಳು. ಅವನು ಕೈ ಬಿಟ್ಟ. ನಾನು ಅಕ್ಕನ ಕಿವಿಯ ಬಳಿ, "ನೀವ ಹೇಳ್ರಿ. ನಾ ಇಲ್ಲೇ ಅದೇನಿ," ಎಂದೆ.

ಅಕ್ಕನ ತುಟಿ ಅಲುಗಿತು, ದನಿ ಬರಲಿಲ್ಲ. ಅವರ ಬದಲು ನಾನೇ ಮಾತಾಡಿಬಿಡಲೇ ಎನಿಸಿತು. ಕಾದೆ. ಕೊನೆಗೆ ಅವರು ತಮ್ಮ ಹರುಕುಮುರುಕು ಗುಜರಾತಿಯಲ್ಲಿ ಹೇಳಿದರು: "ಮಗುವಿನ ರಿಬ್ಬನ್ ಬಿಚ್ಚಿತ್ತು. ಕಾಲಿಗೆ ಸಿಕ್ಕುತ್ತಿತ್ತು. ಕಟ್ಟಿದೆ. ಅಷ್ಟೇ."

ಅಜ್ಜಿ ಮೊಮ್ಮಗಳ ಗದ್ದ ಎತ್ತಿ ಕೇಳಿದಳು. ಹುಡುಗಿ ಬಿಕ್ಕುತ್ತಲೇ ತನ್ನ ಜಡೆ ಮುಟ್ಟಿ ತೋರಿಸಿತು. ಒಂದು ಕಡೆ ಬಿಗಿಯಾದ ಹೊಸ ಗಂಟು ಇತ್ತು. "ನೀವೆಲ್ಲ ಕೂಗಿಕೊಂಡಿದ್ದಕ್ಕೇ ಇದು ಹೆದರಿದ್ದು," ಎಂದು ಅಜ್ಜಿ ಜನರ ಮೇಲೆ ಹರಿಹಾಯ್ದಳು. ವಿಡಿಯೋ ಮಾಡುತ್ತಿದ್ದವನು ಫೋನು ಜೇಬಿಗಿಳಿಸಿದ. ಯಾರೂ ಕ್ಷಮೆ ಕೇಳಲಿಲ್ಲ, ಒಬ್ಬೊಬ್ಬರಾಗಿ ಕರಗಿದರು.

ದಾರಿಯಲ್ಲಿ ಅಕ್ಕ ತಟ್ಟನೆ ನಿಂತರು. "ನಂಗ ಹುಚ್ಚ ಐತಿ ಅಂತ ಯಾಕ ಹೇಳಲಿಲ್ಲ ನೀ? ಲಗೂನ ಬಿಡ್ತಿದ್ರು."

"ಹೇಳಬೇಕಾಗಿತ್ತೇನ್ರೀ?"

ಅವರು ಹರಿದ ತೋಳನ್ನು ಸೆರಗಿನಿಂದ ಮುಚ್ಚಿಕೊಂಡು ಮುಂದೆ ನಡೆದರು.

ನಾನು ಫೋನಿನಲ್ಲಿ ತಿಳಿಸಿದ್ದೆ; ಸಂಜೆಯ ಹೊತ್ತಿಗೆ ಅಕ್ಕನ ತಮ್ಮ ಅಹಮದಾಬಾದಿನಿಂದ ಬಂದ. ಕೂರಲೂ ಇಲ್ಲ. "ಏನ್ ಮೇಡಂ, ಹೊಡದು ಕೊಂದಿದ್ರ ಏನ್ ಮಾಡ್ತಿದ್ರಿ? ಇವತ್ತ ಬೀಗ ಹಾಕ್ರಿ, ಇಲ್ಲಾಂದ್ರ ಈಕಿನ್ನ ಕರಕೊಂಡು ಹೋಗ್ತೇನಿ." ಆರೈಕೆಯವರು ಅವನ ಹಿಂದೆಯೇ ನಿಂತಿದ್ದರು. ಅವನ ಭಯ ಸುಳ್ಳಲ್ಲ. ನನ್ನೊಳಗೂ ಅದೇ ಭಯವಿತ್ತು.

"ಸರ, ಅಕ್ಕನ್ನ ಕೇಳೂಣು," ಎಂದಷ್ಟೇ ಹೇಳಿದೆ.

ಅಕ್ಕ ಮಂಚದ ಮೇಲೆ ಕೂತು ಮಣಿಕಟ್ಟಿಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ತಲೆಯೆತ್ತದೆ ಹೇಳಿದರು: "ನಂಗ ಹೆದರಿಕಿ ಆಗೇದ. ನಾಳೆ ಹೋಗೂದಿಲ್ಲ. ಆದ್ರ ಬೀಗ ಹಾಕಬ್ಯಾಡ್ರಿ, ತಮ್ಮಾ. ಹೋಗೂದು ಬಿಡೂದು ನಾ ನೋಡಕೋತೇನಿ."

ತಮ್ಮ ಎಣ್ಣೆಯನ್ನು ತನ್ನ ಕೈಗೆ ತೆಗೆದುಕೊಂಡು ಅಕ್ಕನ ಮಣಿಕಟ್ಟಿಗೆ ತಾನೇ ಸವರಿದ, ರಾತ್ರಿ ಒಬ್ಬನೇ ಹಿಂತಿರುಗಿದ. ಬೀಗ ಹಾಕಲಿಲ್ಲ. ಆರೈಕೆಯ ಹಿರಿಯಳು ಆ ತಿಂಗಳೇ ಕೆಲಸ ಬಿಟ್ಟಳು, ನನಗೆ ತಡೆಯಲಾಗಲಿಲ್ಲ. ಅಕ್ಕ ಎಷ್ಟೋ ವಾರ ಗೇಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಒಂದು ಭಾನುವಾರ ತಮ್ಮ ಬಂದಾಗ, "ನಡಿ, ನಿಂಗ ಉಸಳ್ ತಿನಸ್ತೇನಿ," ಎಂದು ತಾವೇ ಅವನನ್ನು ಹೊರಡಿಸಿದರು. ಓಣಿಯ ತಿರುವಿನಲ್ಲಿ ಅವನು ಕೈ ಹಿಡಿಯಲು ಹೋದ. ಅಕ್ಕ ಕೊಸರಿಕೊಂಡು ಮುಂದೆ ಹೋದರು.